ಕುರ್ಚಿ ಬೇಡದ ಅಕ್ಕೋರು

ಸವಡಿ ಅಕ್ಕೋರು ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಅವರು ಕೂತು ಪಾಠ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ನಮಗೆ ಬಿಟ್ಟುಕೊಟ್ಟ ಕೋಣೆಯಲ್ಲಿ ಪ್ರೊಫೆಸರರು ಕೂಡುವ ದೊಡ್ಡ ಕುರ್ಚಿಯೊಂದಿತ್ತು. ಅದರ ಮೇಲೆ ಅಕ್ಕೋರ ಟಿಫಿನ್ ಡಬ್ಬಿ ರಾಜಮರ್ಯಾದೆಯಿಂದ ಕೂತಿರುತ್ತಿತ್ತು. ಅವರು ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಬೆಂಚುಗಳ ನಡುವೆ ಓಡಾಡುತ್ತಲೇ ಇರುತ್ತಿದ್ದರು. ನೋಡಿ ನೋಡಿ ನಮಗೂ ಕೂತಲ್ಲಿ ಕೂಡಲು ಆಗುತ್ತಿರಲಿಲ್ಲ.

ಅದು ಹತ್ತನೇ ತರಗತಿಯ ಗಣಿತದಲ್ಲಿ ನಪಾಸಾದವರಿಗೆ ನಡೆಸಿದ ಬೇಸಿಗೆ ಶಾಲೆ. ಎರಡನೇ ಸಲದ ಪರೀಕ್ಷೆ ಹತ್ತಿರ ಬಂದಿತ್ತು. ಈ ಸಲವೂ ಹೋದರೆ ಓದು ಸಾಕು, ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗು ಎಂದು ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ. ನನಗೆ ಕಾಲೇಜು ಬೇಕಿತ್ತು. ಬೈರಿದೇವರಕೊಪ್ಪದಿಂದ ದಿನಾ ಬಸ್ಸು ಹತ್ತಿ ಬರುತ್ತಿದ್ದೆ.

ನಾನು ಗಣಿತವನ್ನೂ ಬಾಯಿಪಾಠ ಮಾಡುವ ಜಾತಿ. ಗೈಡಿನಲ್ಲಿ ಗೋಡೆಗೆ ಒರಗಿಸಿದ ಏಣಿಯ ಲೆಕ್ಕವೊಂದಿತ್ತು. ಅಕ್ಕೋರು ಏಣಿಯನ್ನು ಉದ್ದ ಮಾಡಿ ಅದೇ ಲೆಕ್ಕ ಕೊಟ್ಟರು. ನಾನು ಗೈಡಿನ ಉತ್ತರವನ್ನೇ ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಜಂಬದಿಂದ ಕೂತೆ. ಬೂಟಿನ ಸಪ್ಪಳ ನನ್ನ ಬೆನ್ನ ಹಿಂದೆ ನಿಂತಿತು.

"ಲೆಕ್ಕಾ ಮಾಡಿಯೋ, ನೆನಪ ಮಾಡ್ಕೊಂಡಿಯೋ?"

ಗೈಡು ಟಿಫಿನ್ ಡಬ್ಬಿಯ ಅಡಿಗೆ ಹೋಯಿತು. ಅಂದಿನಿಂದ ನಾನು ಬೋರ್ಡಿನ ಮುಂದೆ ನಿಂತು ಪಕ್ಕದ ಬೆಂಚಿನ ರೇಣುಕಾಗೆ ಲೆಕ್ಕ ಬಿಡಿಸಿ ಹೇಳಬೇಕು. ಕೇಳಿದವಳಿಗೆ ತಿಳಿಯದಿದ್ದರೆ ತಪ್ಪು ಹೇಳಿದವಳದು ಎಂಬುದು ಅಕ್ಕೋರ ಕಾಯಿದೆ. ರೇಣುಕಾ ಲಕಮನಹಳ್ಳಿಯವಳು, ತುಂಬ ಸಮಾಧಾನಿ. ಅವಳಿಗೆ ಹೇಳಿ ಹೇಳಿ ನನಗೇ ಲೆಕ್ಕ ತಿಳಿಯತೊಡಗಿತು. ಅವಳ ಸರದಿ ಬಂದಾಗ ಮಾತ್ರ ಪಾಪ, ಬೋರ್ಡಿನ ಮುಂದೆ ದನಿಯೇ ಹೊರಡುತ್ತಿರಲಿಲ್ಲ.

ಪರೀಕ್ಷೆ ಮುಗಿದು ಫಲಿತಾಂಶದ ದಿನ ಅಕ್ಕೋರು ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಅಮ್ಮ ಕುರ್ಚಿ ಹಾಕಿದಳು. ಅವರು ನಿಂತೇ ಚಹ ಕುಡಿದು, ನಮ್ಮ ಅಂಗೈಯಗಲದ ಪಡಸಾಲೆಯಲ್ಲಿ ಓಡಾಡತೊಡಗಿದರು. ಅವರನ್ನು ನೋಡಿ ಅಪ್ಪನೂ ಶುರು ಮಾಡಿದ. ಇಬ್ಬರೂ ಒಬ್ಬರಿಗೊಬ್ಬರು ಹಾದಿ ಬಿಡುತ್ತಿದ್ದರು. ಮೊಬೈಲಿನಲ್ಲಿ ಫಲಿತಾಂಶ ತೆರೆಯುತ್ತಲೇ ಇಲ್ಲ. ನಾನು ಮತ್ತೆ ಮತ್ತೆ ಒತ್ತುವುದನ್ನು ನೋಡಿ ಅಕ್ಕೋರು ಮೊಬೈಲು ಕಸಿದುಕೊಂಡರು.

"ಏನಾತ್ರೀ ಅಕ್ಕೋರ?" ಅಂದ ಅಪ್ಪ.

ಅವರು ಮೊಬೈಲನ್ನು ಅವನ ಕೈಗಿತ್ತು, ಕುರ್ಚಿ ಎಳೆದುಕೊಂಡು ಕೂತರು. ಬೂಟಿನ ಲೇಸು ಸಡಿಲಿಸಿ, ಇನ್ನರ್ಧ ಕಪ್ಪು ಚಹ ಕೇಳಿದರು. ಅವರಿಗೆ ಇಷ್ಟು ದಣಿವಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಕಾಲೇಜಿನ ಅರ್ಜಿ ಯಾವಾಗ ಕೊಡುತ್ತಾರೆ ಎಂದು ಅಪ್ಪ ಕೇಳಿದ. ನನಗೆ ಅಳು ಬಂತು.

ಚಹ ಕುದಿಯುವಷ್ಟರಲ್ಲಿ ಅಕ್ಕೋರು ಅದೇ ಮೊಬೈಲಿನಲ್ಲಿ ರೇಣುಕಾಳ ಫಲಿತಾಂಶ ನೋಡಿದರು. ಬಗ್ಗಿ ಲೇಸು ಕಟ್ಟಿಕೊಂಡರು. ಕೂಡಿರೆಂದು ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ.

"ಪಾಸಾದವರ ಮನ್ಯಾಗ ನನಗೇನ್ ಕೆಲಸ ಐತ್ರೀ?" ಎಂದವರು ನನ್ನ ಕಡೆ ತಿರುಗಿದರು. "ನೀನೂ ನಡಿಯವಾ. ಆಕಿಗೆ ತಿಳಿಸಿ ಹೇಳಾಕಿ ನೀನ ಅಲ್ಲೇನು?"

ಅದೇ ವರ್ಷ ಅವರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಮರುವರ್ಷ ಬೇಸಿಗೆ ಶಾಲೆಯೂ ನಡೆಯಲಿಲ್ಲ. ಅವರನ್ನು ನಾನು ಕಡೆಯದಾಗಿ ನೋಡಿದ್ದು ಆ ಫಲಿತಾಂಶದ ದಿನವೇ. ಲಕಮನಹಳ್ಳಿಯ ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿ ಇದ್ದವು. ಅಕ್ಕೋರು ಕಂಬಿ ಹಿಡಿದು ನಿಂತರು. ನಾನೂ ಕೂಡಲಿಲ್ಲ.