ಗೌರಕ್ಕನ ಪದಸೂಚಿ

ಯಾವ ಪುಸ್ತಕ ಕೊಟ್ಟರೂ ಗೌರಕ್ಕ ಹಿಂದಿನಿಂದ ತೆರೆಯುತ್ತಿದ್ದರು. ಕೊನೆಯ ಪುಟಗಳಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವ ಪದಸೂಚಿ ಇಲ್ಲದಿದ್ದರೆ, "ಬಾಗ್ಲೇ ಇಲ್ಲದ ಮನೆ ಕಟ್ಟ್ಯಾರೆ" ಎಂದು ಮುಚ್ಚಿಡುತ್ತಿದ್ದರು.

ಚಿಕ್ಕಜಾಜೂರಿನವರಾದ ಅವರು ಐಮಂಗಲದ ನಮ್ಮ ಕುರಿಗಾರರ ಸಂಘಕ್ಕೆ ಬಂದದ್ದು, ಹೊಸ ಸಾಫ್ಟ್‌ವೇರಿನ ಕೈಪಿಡಿಗೆ ಪದಸೂಚಿ ಮಾಡಲು. ನಾನು ಅಲ್ಲಿ ಕುರಿಗಳ ವಿವರವನ್ನು ಕಂಪ್ಯೂಟರಿಗೆ ತುಂಬುತ್ತಿದ್ದೆ. ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿ ಪಾಸಾದವನು. ಒಂದೊಂದೇ ಅಕ್ಷರ ಹುಡುಕಿ ಒತ್ತುವವನು. ಗೊತ್ತಿಲ್ಲದ್ದನ್ನು ಯಾರನ್ನಾದರೂ ಕೇಳಲು ನಾಚಿಕೆ. ಕೈಪಿಡಿಯಲ್ಲಿ ನಾನೇ ಹುಡುಕಿಕೊಳ್ಳುವಂತಾದರೆ ಈ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಒಳಗೇ ಹೆದರಿಕೆ.

ಒಮ್ಮೆ ಸಂಘದ ಸದಸ್ಯ ನಿಂಗಜ್ಜ ತನ್ನ ಕುರಿಗಳನ್ನು ತಾಳ್ಯದ ಅಳಿಯನಿಗೆ ಪಾಲಿಗೆ ಕೊಟ್ಟ. ಮೇಯಿಸುವವನು ಅಳಿಯ, ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ. ಕುರಿ ಮಾತ್ರ ಅಜ್ಜನದೇ. ಇದನ್ನು ಎಲ್ಲಿ ಬರೆಯಬೇಕೆಂದು ಕರಡು ಕೈಪಿಡಿಯಲ್ಲಿ 'ಪಾಲು' ಹುಡುಕಿದೆ. ಇರಲಿಲ್ಲ. 'ಮಾರಾಟ' ಇತ್ತು, ಒತ್ತಿದೆ. ಲಸಿಕೆಯ ಪಟ್ಟಿಯಿಂದ ಅಜ್ಜನ ಹೆಸರೇ ಮಾಯವಾಯಿತು.

"ಲೇ, ನಾನು ಸಾಕಿದ ಕುರಿ ಮಾರಾಕೆ ನೀನ್ಯಾವನೋ? ಕುಂತಲ್ಲೇ ಸಂತೆ ಮಾಡ್ಕೊಂಡ್ ಬಂದ್ಯೇನಪ್ಪ?" ಎಂದು ಅಜ್ಜ ಸಂಘಕ್ಕೆ ಬಂದು ಮೇಜು ಕುಟ್ಟಿದ.

ಗೌರಕ್ಕ ಹತ್ತಿರ ಬಂದು ಕೇಳಿದ್ದು ಒಂದೇ: "ಯಾವ ಪದ ಹುಡುಕ್ದೆ?"

"ಪಾಲು ಅಂತ, ಅಕ್ಕ."

"ಸರಿಯಾಗೇ ಹುಡುಕೀಯ. ತಪ್ಪು ಪುಸ್ತಕದ್ದು."

ಚೀಟಿ ತೆಗೆದು ಬರೆದರು: 'ಪಾಲಿಗೆ ಕೊಟ್ಟ ಕುರಿ: ಸಾಕಣೆದಾರರ ಬದಲಾವಣೆ, ಪುಟ ೪೧'.

ಸಾಫ್ಟ್‌ವೇರ್ ಮಾಡಿದ ಎಂಜಿನಿಯರು ಒಪ್ಪಲಿಲ್ಲ. "ಮೇಡಂ, ಈ ಪದ ನಮ್ಮ ಸಾಫ್ಟ್‌ವೇರಲ್ಲೇ ಇಲ್ಲ."

"ಸಾಫ್ಟ್‌ವೇರಿನಾಗೆ ಇಲ್ಲ ಕಣ್ರಿ, ಇವನ ಬಾಯಾಗೆ ಐತಲ್ಲ. ಹುಡುಕೋನು ಇವನೋ, ನೀವೋ?"

ಅಂದಿನಿಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕುರಿಗಾರರು ಬಂದಾಗ ಆಡಿದ ಮಾತನ್ನೆಲ್ಲ ಚೀಟಿಗೆ ಇಳಿಸಿದೆವು. 'ಕುರಿ' ಎಂಬ ಪದದ ಮುಂದೆ ನಾನು ಹದಿನೆಂಟು ಪುಟಗಳ ಸಂಖ್ಯೆ ಸಾಲಾಗಿ ಬರೆದಾಗ ನಕ್ಕರು: "ಇದೇನಪ್ಪ, ದಾರಿ ತೋರ್ಸೋದಾ, ಊರೆಲ್ಲ ಸುತ್ಸೋದಾ? ಕುರಿಗೆ ಏನಾಗೈತೆ ಅಂತ ಬರಿ." ಕುರಿ ಈದರೆ, ಕುರಿ ಕುಂಟಿದರೆ, ಕುರಿಯ ಗುರುತಿನ ಸಂಖ್ಯೆಯ ಕಿವಿಯೋಲೆ ಬಿದ್ದುಹೋದರೆ ಎಂದು ಬೇರೆ ಬೇರೆ ಬರೆದೆ. ಪದ ಹೊಳೆಯುವುದು ನನಗೇ ಮೊದಲು ಎಂದು ಅವರು ಎಲ್ಲರೆದುರು ಹೇಳುತ್ತಿದ್ದರು. ಅಷ್ಟು ದಿನ ನನ್ನ ಬಗ್ಗೆ ಯಾರೂ ಹಾಗೆ ಹೇಳಿರಲಿಲ್ಲ.

ಕೈಪಿಡಿ ಅಚ್ಚಾದ ಮೇಲೆ ಗೌರಕ್ಕ ಊರಿಗೆ ಮರಳಿದರು. ಕೊನೆಯ ಸಲ ಕಂಡಾಗ ಹಾಸಿಗೆ ಹಿಡಿದಿದ್ದರು. ಹೊಸ ಪದಗಳ ಪಟ್ಟಿ ಒಯ್ದಿದ್ದೆ. "ನೀನೇ ಸೇರ್ಸು, ನಂಗೇನೂ ತೋರಿಸ್ಬ್ಯಾಡ" ಎಂದು ಅದನ್ನು ನನ್ನ ಜೇಬಿಗೇ ತುರುಕಿದರು. ಮಳೆಗಾಲಕ್ಕೆ ಮುಂಚೆ ಹೋಗಿಬಿಟ್ಟರು.

ಈಗ ಎರಡನೇ ಮುದ್ರಣದ ಪದಸೂಚಿ ನನ್ನದೇ ಕೆಲಸ. ಮೊನ್ನೆ ಕುರಿಗಾರರ ಹೆಂಗಸೊಬ್ಬಳು ಕೇಳಿದಳು: "ತೋಳ ಹೊತ್ಕೊಂಡೋದ ಮರಿನ ಎಲ್ಲಿ ಬರೀಬೇಕಣ್ಣ? ಸತ್ತಿದ್ದು ನಾನು ನೋಡಿಲ್ಲ."

'ಸಾವು' ಎನ್ನಲೂ ಮನಸ್ಸಾಗಲಿಲ್ಲ, 'ಕಾಣೆ' ಎನ್ನಲೂ. 'ತೋಳ' ಎಂದು ಬರೆದು ಎದುರಿಗೆ ಆ ಎರಡರ ಪುಟಸಂಖ್ಯೆಯನ್ನೂ ಹಾಕಿದೆ. ಸರಿಯಿದೆಯೇ ನೋಡಿ ಎನ್ನುವಂತೆ ಚೀಟಿಯನ್ನು ಗೌರಕ್ಕ ಕೂರುತ್ತಿದ್ದ ಪಕ್ಕಕ್ಕೆ ಚಾಚಿದೆ. ಆ ಕಡೆಯಿಂದ ಯಾರೂ ತೆಗೆದುಕೊಳ್ಳಲಿಲ್ಲ.