ಮುಟ್ಟುದ್ರ ಕಾಸಿಲ್ಲ

ಕೊಳ್ಳೇಗಾಲದಲ್ಲಿ ವಿಡಿಯೊ ಗೇಮ್ ಅಂಗಡಿಗೆಂದು ನಾನು ನೋಡಿದ್ದ ಮಳಿಗೆಯ ಪಕ್ಕದಲ್ಲೇ ಸಾಹುಕಾರರೊಬ್ಬರ ರೇಷ್ಮೆ ಸೀರೆ ಅಂಗಡಿ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಬಿಳಿ ಹಾಸಿನ ಮೇಲೆ ಕೂರಬೇಕು. ಅವರು ಸೆರಗನ್ನು ಗಿರಾಕಿಯ ಮಡಿಲಿಗೇ ಹರಡಿ, "ಮುಟ್ಟಿ ನೋಡವ್ವ, ಮುಟ್ಟುದ್ರ ಕಾಸಿಲ್ಲ" ಎನ್ನುತ್ತಿದ್ದರು.

ಮಳಿಗೆ ಹಿಡಿಯಲೋ ಬೇಡವೋ ಎಂದು ತೋಚದೆ ನಾನು ಅಲ್ಲೇ ಹೋಗಿ ಕೂರುತ್ತಿದ್ದೆ. ಎಲ್ಲರ ಕೈಯಲ್ಲೂ ಫೋನಿದೆ. ನನ್ನಲ್ಲಿಗೆ ಬಂದವರು ಸುಮ್ಮನೆ ಆಡಿ ನೋಡಿ, ಏನೂ ಕೊಳ್ಳದೆ ಹೋದರೆ?

ಒಂದು ಮಧ್ಯಾಹ್ನ ಹೂಗ್ಯಂ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ತಾಯಿ ಮಗಳು ಒಳಗೆ ಬಂದರು. ಸಾಹುಕಾರರು ಕಪಾಟು ಬರಿದಾಗುವಷ್ಟು ಸೀರೆ ಬಿಚ್ಚಿದರು. ಬಸ್ಸಿನ ಹೊತ್ತಾಯಿತೆಂದು ಇಬ್ಬರೂ ಬರಿಗೈಯಲ್ಲಿ ಎದ್ದು ಹೋದರು. ಸಿಟ್ಟು ಬಂದದ್ದು ನನಗೆ. ಸಾಹುಕಾರರು ಒಂದೊಂದೇ ಸೀರೆಯನ್ನು ಹಳೆಯ ಮಡಿಕೆಯಲ್ಲೇ ಮಡಿಸುತ್ತ, "ಮುಟ್ಟಿದ್ ಕೈ ಸುಮ್ನಿರಲ್ಲ ಕಣಪ್ಪ, ಮದ್ವ ಗೊತ್ತಾದಾಗ ಇಲ್ಲಿಗೇ ಬತ್ತರ. ಬರ್ದೇ ಇದ್ರೂ ಮಡ್ಸೋದು ನನ್ ಕೆಲ್ಸ" ಎಂದರು. ಆಮೇಲೆ ತಲೆಯೆತ್ತಿ, "ನಿಂಗ ಮಡ್ಸಕ್ ಬೇಜಾರಿಲ್ದಿದ್ರ ಅಂಗ್ಡಿ ತೆಗಿ" ಎಂದರು.

ಆ ಸಂಜೆಯೇ ಮಳಿಗೆಯ ಬೀಗದಕೈ ಈಸಿಕೊಂಡೆ.

ಅಂಗಡಿ ತೆರೆದ ದಿನ ಮೊದಲು ಬಂದವರು ಅವರೇ. ಚಪ್ಪಲಿ ಹೊರಗೆ ಬಿಟ್ಟು ಕೂತು, ಜಾಯ್‌ಸ್ಟಿಕ್ಕನ್ನು ಜರಿಯಂಚು ಸವರುವ ಹಾಗೆ ಹೆಬ್ಬೆರಳಿನಿಂದ ಸವರಿದರು. ಪರದೆಯ ಮೇಲೆ ಅವರ ಕಾರು ಗೋಡೆಗೆ ಗುದ್ದಿ ನಿಂತಿತು.

"ನಾ ಸುಮ್ನ ನೋಡಕ್ ಬಂದಿ ಕಣಪ್ಪ" ಎಂದು ಎದ್ದರು.

ನಾನು ವೈರು ಸುತ್ತಿಡುತ್ತ ಹೇಳಿದೆ: "ಮುಟ್ಟುದ್ರ ಕಾಸಿಲ್ಲ, ಸಾವ್ಕಾರ್ರೇ."