‘ತಳ್ಳಿ ಹೋಗು’ ಎಂದು ನಾನು ಕೂಗಿದ್ದು

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 6.10. ಪೊಳ್ಳಾಚಿಯಿಂದ ಉಡುಮಲೈ ಕಡೆಗೆ ಹೋಗುವ ರಸ್ತೆಯಲ್ಲಿ ಮಹಿಳೆಯರ ರೋಡ್ ರೇಸ್ ಶುರುವಾಯಿತು. ಹೊರಟವರು ಇಪ್ಪತ್ತಮೂರು ಮಂದಿ. ನಮ್ಮ ವಿಶ್ವವಿದ್ಯಾಲಯದ ಸೈಕಲ್ ಕ್ಲಬ್ಬಿನಿಂದ ಇಬ್ಬರು: ನಾನು, ಮತ್ತು ದಾವಣಗೆರೆಯಿಂದ ಬಂದು ಇಲ್ಲಿ ಎಂಎಸ್ಸಿ ಓದುತ್ತಿರುವ ನನ್ನ ಗೆಳತಿ.

ನಮ್ಮ ಸೀಸನ್ ಅಂದರೆ ಮೂರು ರೇಸ್. ಒಂದು ರೋಡಿನಲ್ಲಿ, ಒಂದು ಟ್ರ್ಯಾಕಿನಲ್ಲಿ, ಒಂದು ಕಾಡುದಾರಿಯಲ್ಲಿ. ಮೂರರ ಅಂಕ ಕೂಡಿಸಿ ವಲಯದ ತಂಡಕ್ಕೆ ನಾಲ್ವರನ್ನು ಆರಿಸುತ್ತಾರೆ. ನನಗೆ ಅಂಥ ಆಸೆಯಿರಲಿಲ್ಲ, ಏರು ಬಂದರೆ ನಾನು ಹಿಂದೆ ಬೀಳುತ್ತೇನೆ. ಅವಳಿಗೆ ಇತ್ತು. ಇದು ಅವಳ ಕೊನೆಯ ವರ್ಷ. ಕಳೆದ ಸಲ ಐದನೆಯವಳಾಗಿ ಒಂದೇ ಅಂಕದಲ್ಲಿ ಅವಕಾಶ ಕಳೆದುಕೊಂಡಿದ್ದಳು.

ನಾನು ಇಲ್ಲಿಯವಳೇ. ನಮ್ಮದು ಅನೇಕ ತಲೆಮಾರಿನಿಂದ ಈ ಸೀಮೆಯಲ್ಲಿ ಮಗ್ಗ ನಡೆಸುವ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಮನೆಯಲ್ಲಿ ಯಾರಿಗೂ ಬಾರದು. ನಾನು ದಿನಚರಿಯನ್ನು ಕನ್ನಡದಲ್ಲೇ ಬರೆಯುತ್ತಿದ್ದರೂ ಲಿಪಿ ತಮಿಳಿನದಾಗಿತ್ತು. ಹಾಸ್ಟೆಲಿನಲ್ಲಿ ಅದನ್ನು ನೋಡಿ ದಾವಣಗೆರೆಯವಳು ಹೊಟ್ಟೆ ಹಿಡಿದು ನಕ್ಕಳು. “ಇದೇನೇ, ಲುಂಗಿ ಉಟ್ಕಂಡು ಬಂದ ಕನ್ನಡ!” ಎಂದಳು. ಆಮೇಲೆ ಒಂದು ಮಳೆಗಾಲ ಪೂರ್ತಿ ಕೂತು ನನಗೆ ಅಕ್ಷರ ಕಲಿಸಿದಳು. ಪ್ರತಿಯಾಗಿ ನಾನು ಅವಳಿಗೆ ಬಸ್ಸಿನಲ್ಲಿ ಜಗಳವಾಡುವಷ್ಟು ತಮಿಳು ಕಲಿಸಿದೆ.

ರೇಸಿನಲ್ಲಿ ನಾವಿಬ್ಬರೂ ಕನ್ನಡದಲ್ಲೇ ಕೂಗಿಕೊಳ್ಳಬೇಕೆಂಬುದು ನಮ್ಮ ಕೋಚ್ ಸರ್ ಅವರ ಉಪಾಯ. ಪಕ್ಕದವರಿಗೆ ಗೊತ್ತಾಗಬಾರದು ಎಂದು. ‘ಈಗ’, ‘ಬೇಡ’, ‘ನನ್ನ ಹಿಂದೆ ಬಾ’ ಹೀಗೆ ಒಂಬತ್ತು ಮಾತುಗಳನ್ನು ಗೊತ್ತುಮಾಡಿ ಅಭ್ಯಾಸದಲ್ಲಿ ಬಳಸಿ ನೋಡಿದ್ದೆವು. ಆ ಭಾನುವಾರ ನಾನು ಕೂಗಿದ್ದು ಆ ಒಂಬತ್ತರಲ್ಲಿ ಇರಲಿಲ್ಲ.

ತೆಂಗಿನ ತೋಟಗಳ ನಡುವೆ ರಸ್ತೆ ನೆಟ್ಟಗೆ ಹೋಗುತ್ತದೆ. ಎದುರುಗಾಳಿ. ಅರ್ಧ ದಾರಿ ದಾಟುವಾಗ ಮುಂದೆ ಇಬ್ಬರೇ ಉಳಿದಿದ್ದರು: ಬಲಕ್ಕೆ ಅವಳು, ಅವಳ ಎಡಕ್ಕೆ ಬೇರೊಂದು ಕಾಲೇಜಿನ ನೀಲಿ ಅಂಗಿಯ ಹುಡುಗಿ. ನಾನು ಅವರ ಹಿಂದೆ ಹತ್ತು ಹದಿನೈದು ಮೀಟರಿನಲ್ಲಿ ಏದುಸಿರು ಬಿಡುತ್ತಾ ಬರುತ್ತಿದ್ದೆ. ಎಳನೀರಿನವನೊಬ್ಬ ಗಾಡಿ ನಿಲ್ಲಿಸಿದ್ದ ಕಡೆ ಒಂದು ಸಣ್ಣ ಮೋರಿ ಇದೆ. ಮೋರಿಯ ಎಡಬದಿಗೆ ಒಣಗಿದ ತೆಂಗಿನ ಗರಿಯೊಂದು ರಸ್ತೆಯ ಮೇಲೆ ಬಿದ್ದಿತ್ತು. ನೀಲಿ ಅಂಗಿಯವಳು ಅದನ್ನು ತಪ್ಪಿಸಲು ಬಲಕ್ಕೆ ಎಳೆದೇ ಎಳೆಯುತ್ತಾಳೆ, ಗೆಳತಿಗೆ ತಗಲುತ್ತಾಳೆ ಎಂದು ನನಗೆ ಕಂಡಿತು. ನಾನು ಎರಡು ಸಲ ಕೂಗಿದೆ: “ತಳ್ಳಿ ಹೋಗು! ತಳ್ಳಿ ಹೋಗು!”

ಗೆಳತಿ ಬಲಕ್ಕೆ ಸರಿಯಲಿಲ್ಲ. ಅವಳ ಎಡ ಮೊಣಕೈ ಹೊರಗೆ ಚಾಚಿತು. ಮರುಕ್ಷಣ ನೀಲಿ ಅಂಗಿಯವಳ ಮುಂದಿನ ಚಕ್ರ ಅಡ್ಡ ತಿರುಗಿ ಅವಳು ಮೋರಿಯ ಕಟ್ಟೆಗೆ ಹೋಗಿ ಬಿದ್ದಳು. ಕೊರಳ ಪಕ್ಕದ ಮೂಳೆ ಮುರಿದಿತ್ತು. ಗೆಳತಿ ತಿರುಗಿ ನೋಡಿದಳು, ನಿಲ್ಲಲಿಲ್ಲ. ಮೊದಲು ಗುರಿ ಮುಟ್ಟಿದಳು. ನಾನು ಬಿದ್ದವಳ ಹತ್ತಿರ ಇಳಿದೆ, ಆಂಬುಲೆನ್ಸ್ ಬರುವವರೆಗೆ ಅವಳ ತಲೆಗೆ ನೆರಳಾಗಿ ನಿಂತೆ. ನನ್ನ ಲೆಕ್ಕದಲ್ಲಿ ಆ ರೇಸಿನ ಎದುರು ‘ಮುಗಿಸಿಲ್ಲ’ ಎಂದಿದೆ.

ವಾಪಸು ಬರುವ ವ್ಯಾನಿನಲ್ಲಿ ಗೆಳತಿ ನನ್ನ ಮೇಲೆ ಹರಿಹಾಯ್ದಳು.

“ತಳ್ಳು ಅಂತ ಕೂಗ್ತೀಯಲ್ಲ, ಬುದ್ಧಿ ಐತೇನೇ ನಿನಗೆ?”

“ನಾನ್ ಯಾವಾಗ ತಳ್ಳು ಅಂದೆ? ತಳ್ಳಿ ಹೋಗು ಅಂದೆ.”

“ಅದೇ ಅಲ್ಲೇನೇ!”

“ಅದೇ ಹೆಂಗೆ ಆಯ್ತದೆ? ತಳ್ಳಿ ಅಂದ್ರೆ ದೂರ ತಾನೆ?”

“ಯಾವ ಊರಾಗೆ?”

“ನಮ್ ಮನೆಲಿ,” ಎಂದೆ.

ನಮ್ಮ ಮನೆಯಲ್ಲಿ ಮಗು ಮೊದಲು ಕೇಳುವ ಬೈಗುಳವೇ ಅದು. ಬೀದಿಯುದ್ದಕ್ಕೂ ಮಗ್ಗಕ್ಕೇರಿಸುವ ಉದ್ದ ನೂಲಿನ ಹಾಸು ಎಳೆದು ಕಟ್ಟಿದಾಗ, ಅದಕ್ಕೆ ನಾವು ಪಾವು ಅನ್ನುತ್ತೇವೆ, ಆಟವಾಡುವ ಮಕ್ಕಳಿಗೆ, ಮೇಕೆಗಳಿಗೆ, ಸೈಕಲ್ ಸವಾರರಿಗೆ ದೊಡ್ಡವರು ಕೂಗುವುದು ‘ತಳ್ಳಿ ಹೋಗು’ ಎಂದೇ. ದೂರ ಸರಿದು ಹೋಗು, ನೂಲಿಗೆ ತಾಗಬೇಡ ಎಂದು. ತಮಿಳಿನ ‘ತಳ್ಳಿ ಪೋ’ ನಮ್ಮ ಬಾಯಲ್ಲಿ ಹಾಗಾಗಿದೆ. ಅದು ತಮಿಳಿನಿಂದ ಬಂದದ್ದೆಂದು ನನಗೆ ಆ ದಿನದವರೆಗೆ ಹೊಳೆದಿರಲಿಲ್ಲ. ದಾವಣಗೆರೆಯಲ್ಲಿ ದೂರ ಇರು ಅನ್ನಲು ‘ಸರಿ’ ಅನ್ನುತ್ತಾರೆ, ‘ಆ ಕಡಿಗೆ ಹೋಗು’ ಅನ್ನುತ್ತಾರೆ. ತಳ್ಳುವುದೆಂದರೆ ಅಲ್ಲಿ ನೂಕುವುದು ಮಾತ್ರ.

ನಾಲ್ಕನೆಯ ದಿನ ದೂರು ಬಂತು. ಹಿಂದಿನಿಂದ ಯಾರೋ ‘ತಳ್ಳಿ’ ಎಂದು ಕೂಗಿದರು, ಕೂಡಲೇ ಮೊಣಕೈ ಬಂತು ಎಂದು ಬಿದ್ದ ಹುಡುಗಿ ಹೇಳಿದ್ದಳು. ಬೇಕೆಂದೇ ತಳ್ಳಿದ್ದು ಖಚಿತವಾದರೆ ಒಂದು ವರ್ಷ ನಿಷೇಧ. ಗೆಳತಿಗೆ ಇನ್ನೊಂದು ವರ್ಷವಿಲ್ಲ.

ನನಗೆ ಅದು ನೇರ ಸಂಗತಿ ಎನಿಸಿತ್ತು. ಹೋಗಿ ಪದದ ಅರ್ಥ ಹೇಳಿದರಾಯಿತು. ಕೋಚ್ ಸರ್ ಅವರಿಗೆ ಹಾಗೆನಿಸಲಿಲ್ಲ. ಅವರು ಮೈದಾನದ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ ತಮಿಳಿನಲ್ಲಿ ಹೇಳಿದ್ದು ಇಷ್ಟು: “ನೋಡಮ್ಮಾ, ಕಮಿಟಿಯವರೆಲ್ಲ ತಮಿಳರು. ನೀನು ಹೇಳಿದ್ದು ಅವರ ಕಿವಿಗೆ ‘ತಳ್ಳಿ ಪೋ’. ಒಳ್ಳೇ ಮಾತು. ನೀನು ಬಚಾವಾದೆ. ಹಾಗಾದರೆ ಅವಳು ಯಾಕೆ ಸರಿಯಲಿಲ್ಲ, ಕೈ ಯಾಕೆ ಬಂತು ಅಂತಾರೆ. ಅವಳು ಸಿಕ್ಕಿಬೀಳ್ತಾಳೆ. ಇಲ್ಲ, ನನಗೆ ತಳ್ಳು ಅಂತ ಕೇಳಿಸ್ತು ಅಂತ ಅವಳು ಹೇಳಿದರೆ, ಓಹೋ, ತಂಡದವರೇ ತಳ್ಳೋದು ಹೇಳಿಕೊಟ್ಟಿದ್ದಾರೆ ಅಂತಾರೆ. ಆಗ ಇಬ್ಬರೂ ಮನೆಗೆ.”

ಸತ್ಯವನ್ನು ಎಲ್ಲಿಂದ ಹಿಡಿದೆತ್ತಿದರೂ ಅದರ ಇನ್ನೊಂದು ತುದಿ ಅವಳ ತಲೆಗೆ ಬಡಿಯುತ್ತಿತ್ತು. ನೀನು ತಳ್ಳಿದೆಯೋ ಇಲ್ಲವೋ ಎಂದು ಎಷ್ಟು ಕೇಳಿದರೂ ಅವಳು ಒಂದೇ ಉತ್ತರ ಕೊಡುತ್ತಿದ್ದಳು: “ಕೈ ಎತ್ತಿದ್ದು ಗೊತ್ತು. ತಗುಲ್ತೋ ಇಲ್ವೋ ಗೊತ್ತಿಲ್ಲ. ಅಷ್ಟರಾಗೆ ಅವಳೇ ಇರಲಿಲ್ಲ.”

ಫೆಬ್ರವರಿ 22ರಂದು ಕೊಯಮತ್ತೂರಿನಲ್ಲಿ ಟ್ರ್ಯಾಕ್ ರೇಸ್. ಸೈಕಲ್ಲಿಗೆಂದೇ ಕಟ್ಟಿದ ಇಳಿಜಾರಿನ ಟ್ರ್ಯಾಕ್ ಅಲ್ಲ, ಕಾಲೇಜು ಮೈದಾನದಲ್ಲಿ ಓಟಗಾರರಿಗಿರುವ ಮಣ್ಣಿನ ಸುತ್ತು. ಇಬ್ಬಿಬ್ಬರ ತಂಡ, ಒಬ್ಬಳು ಗಾಳಿ ಒಡೆಯುತ್ತಾ ಮುಂದಿದ್ದು ದಣಿದಾಗ ಕೂಗಬೇಕು, ಇನ್ನೊಬ್ಬಳು ಮುಂದೆ ಬರಬೇಕು. ಆ ದಿನ ನಾವಿಬ್ಬರೂ ಕೂಗಲಿಲ್ಲ. ನನ್ನ ಬಾಯಿಗೆ ‘ಬಾ’ ಎಂಬ ಪದ ಬಂತು. ಅದಕ್ಕೂ ದಾವಣಗೆರೆಯಲ್ಲಿ ಬೇರೆ ಅರ್ಥವಿದ್ದರೆ ಎಂದು ನುಂಗಿಕೊಂಡೆ. ‘ಬಾ’ ಅನ್ನುವುದಕ್ಕೆ ಎಲ್ಲಾದರೂ ಬೇರೆ ಅರ್ಥ ಇರುತ್ತದೆಯೇ? ಆಗ ಯೋಚಿಸಲು ಆಗಲಿಲ್ಲ. ಅವಳು ದಣಿದರೂ ಮುಂದೆಯೇ ಇದ್ದಳು, ನಾನು ಕೊನೆಯವರೆಗೂ ಅವಳ ಹಿಂದಿನ ಚಕ್ರವನ್ನೇ ನೋಡುತ್ತಿದ್ದೆ. ಹನ್ನೊಂದು ತಂಡಗಳಲ್ಲಿ ಏಳನೆಯವರಾದೆವು. ಸೈಕಲ್ ಇಳಿದು ಅವಳು, “ಮೂಗಿ ಜೊತೆ ರೇಸ್ ಮಾಡಿದಂಗಾತು,” ಎಂದಳು. “ನೀನೂ ಬಾಯ್ ಬಿಡ್ಲಿಲ್ಲ ತಾನೆ?” ಎಂದೆ. ನಗಲು ನೋಡಿದೆವು. ಆಗಲಿಲ್ಲ.

ಕಮಿಟಿ ಸೇರಿದ್ದು ಮಾರ್ಚ್ 8ರ ಮಧ್ಯಾಹ್ನ, ಉಡುಮಲೈಯ ಕಾಲೇಜೊಂದರ ಕ್ರೀಡಾಕೊಠಡಿಯಲ್ಲಿ. ಮರುದಿನವೇ ಅಮರಾವತಿ ಅಣೆಕಟ್ಟೆಯ ಕಡೆ ಕಾಡುದಾರಿಯ ರೇಸ್. ಅಧ್ಯಕ್ಷರು ನಿವೃತ್ತರಾದ ದೈಹಿಕ ಶಿಕ್ಷಕರು, ಕೊರಳಲ್ಲಿ ಇನ್ನೂ ಸೀಟಿ ತೂಗುತ್ತಿತ್ತು. ಅಲ್ಲಿ ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಕೋಚ್ ಸರ್ ಹೆದರಿದ್ದಂತೆಯೇ ಅಧ್ಯಕ್ಷರ ಮೊದಲ ಪ್ರಶ್ನೆ ಬಂತು: “ತಳ್ಳಿ ಪೋ ಅಂದರೆ ಸರಿದು ಹೋಗು. ಈ ಹುಡುಗಿ ಯಾಕೆ ಸರಿಯಲಿಲ್ಲ?”

“ಸರ್, ಅವಳ ಕನ್ನಡ ಬೇರೆ, ನನ್ನ ಕನ್ನಡ ಬೇರೆ,” ಎಂದೆ.

“ಕನ್ನಡ ಅಂದರೆ ಕನ್ನಡ ತಾನೆ? ಎರಡು ಅಂಗಡಿಯಲ್ಲಿ ಮಾರ್ತಾರಾ?”

ಸುತ್ತ ಕೂತವರು ನಕ್ಕರು. ಹೇಳಿಕೊಟ್ಟ ಸಾಕ್ಷಿ ಎಂದು ಅವರು ಅನ್ನುವ ಮೊದಲೇ ನಾನು ಫೋನ್ ತೆಗೆದು, “ನಮ್ಮಪ್ಪನಿಗೆ ಇಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲ. ನೀವೇ ಕೇಳಿಸಿಕೊಳ್ಳಿ, ಸರ್,” ಎಂದು ಸ್ಪೀಕರ್ ಹಾಕಿದೆ. ಮಗ್ಗದ ಸದ್ದು ಮೊದಲು ಕೇಳಿಸಿತು, ಆಮೇಲೆ ಮುದ್ದಿಗೆ ನನ್ನನ್ನು ಕಣ್ಣು ಅನ್ನುವ ಅಪ್ಪನ ದನಿ.

“ಏನ್ ಕಣ್ಣು, ಉಂಡ್ಯಾ?”

“ಉಂಡೆ ಅಪ್ಪಾ. ಬೀದಿಲಿ ಪಾವು ಎಳೀವಾಗ ಸೈಕಲ್ನವರು ಬಂದ್ರೆ ಏನ್ ಹೇಳ್ತೀರ?”

“ಏನ್ ಹೇಳ್ತೀವಿ, ತಳ್ಳಿ ಹೋಗಪ್ಪಾ ಅಂತೀವಿ. ಯಾಕೆ, ಯಾರ್ ನೂಲ್ ಮೇಲಾದ್ರೂ ಏರ್ಸಿಬುಟ್ಟೆಯಾ?”

ಗೆಳತಿ ತನ್ನ ಅಮ್ಮನಿಗೆ ಹಾಗೆಯೇ ಫೋನ್ ಮಾಡಿದಳು. “ಅಮ್ಮಾ, ತಳ್ಳಿ ಹೋಗು ಅಂದ್ರೆ ಏನು?”

“ತಳ್ಕಂಡು ಹೋಗು ಅಂತ. ಯಾಕೆ, ಸೈಕಲ್ ಪಂಕ್ಚರ್ ಆತೇನು?”

ಇದು ಮೂರನೆಯ ಅರ್ಥ. ಇದನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಕೆ ಏನು ಹೇಳಿದರೆಂದು ಸದಸ್ಯರೊಬ್ಬರು ಕೇಳಿದರು. ಅಷ್ಟಿಷ್ಟು ಕನ್ನಡ ಬಲ್ಲ ಕೋಚ್ ಸರ್ ಕಷ್ಟಪಟ್ಟು ತಮಿಳಿನಲ್ಲಿ ಹೇಳಿದರು. ಮತ್ತೆ ನಗೆ. ಗೆಳತಿ ಕೆಂಪಾಗಿ, “ಹಂಗಲ್ಲಮ್ಮಾ, ಹತ್ತಿ ಓಡಿಸ್ತಾ ಇರುವಾಗ. ಪಕ್ಕದಾಗೆ ಇನ್ನೊಬ್ಬಳು ಇದ್ದಾಳೆ,” ಎಂದಳು.

ಅಮ್ಮನ ದನಿ ಬದಲಾಯಿತು. “ಹಂಗಾದ್ರೆ ಆಕಿನ್ನ ತಳ್ಳು ಅಂತಾನೇ ಆತಲ್ಲ. ಏನೇ, ಯಾರನ್ನಾದ್ರೂ ತಳ್ಳಿ ಬಂದ್ಯಾ? ನಿಜ ಹೇಳು.”

ಅವಳು ಫೋನ್ ಇಟ್ಟಳು. ‘ತಳ್ಳು’ ಅಂದರೆ ತಮಿಳಿನಲ್ಲೂ ನೂಕುವುದೇ, ಅಷ್ಟು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಯಾರೂ ನಗಲಿಲ್ಲ.

ಅಧ್ಯಕ್ಷರು ಸೀಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ಹೇಳಿದರು: “ಎರಡು ಅಂಗಡಿ ಇದೆ ಅಂತ ಒಪ್ಪಿದೆ. ತಂಡದವರು ಹೇಳಿ ತಳ್ಳಿಸಿದರು ಎಂದು ಬರೆಯುವುದಿಲ್ಲ. ಆದರೆ ಮಾತು ಏನೇ ಇರಲಿ ಅಮ್ಮಾ, ಕೈ ತಗುಲಿತಾ? ತಗುಲಿದ್ದರೆ ಅದು ತಪ್ಪೇ. ಆ ಹುಡುಗಿ ತಗುಲಿತು ಅಂತಾಳೆ, ಈ ಹುಡುಗಿ ಗೊತ್ತಿಲ್ಲ ಅಂತಾಳೆ. ಗರಿಗೆ ಚಕ್ರ ಸಿಕ್ಕಿ ಬಿದ್ದಳೋ ಏನೋ, ಕಂಡವರು ಬೇಕು.” ಆಮೇಲೆ ನನ್ನ ಕಡೆ ತಿರುಗಿ, “ನೀನು ಕಂಡೆಯಾ?” ಎಂದರು.

ಹೌದು ಅಥವಾ ಇಲ್ಲ, ಯಾವುದಾದರೂ ಒಂದು ಹೇಳಿಬಿಡಬಹುದಿತ್ತು. ಗೆಳತಿ ನನ್ನನ್ನು ನೋಡಲಿಲ್ಲ, ಗೋಡೆಯ ಮೇಲಿನ ಗಡಿಯಾರವನ್ನು ನೋಡುತ್ತಿದ್ದಳು. ನಾನು ಇದ್ದದ್ದು ನೇರ ಹಿಂದೆ. ಮೊಣಕೈಗೂ ನೀಲಿ ಅಂಗಿಗೂ ನಡುವೆ ಸಂದಿ ಇತ್ತೋ ಇಲ್ಲವೋ ಹಿಂದಿನಿಂದ ಕಾಣುವುದಿಲ್ಲ. ಹಾಗೆಯೇ ಹೇಳಿದೆ. ಏಪ್ರಿಲ್ ಕೊನೆಯವರೆಗೆ ಕಾಯುತ್ತೇವೆ, ಅದುವರೆಗೆ ಅವಳು ಓಡಿಸಬಹುದು, ಫಲಿತಾಂಶ ತಡೆಹಿಡಿಯುತ್ತೇವೆ ಎಂದು ತೀರ್ಮಾನವಾಯಿತು. ಹೊರಗೆ ಬಂದ ಮೇಲೆ ಗೆಳತಿ, “ಕಂಡಿಲ್ಲ ಅಂದಿದ್ದು ಒಳ್ಳೇದಾತು. ತಗುಲಲಿಲ್ಲ ಅಂದಿದ್ರೆ ನಾನೇ ನಂಬ್ತಿರಲಿಲ್ಲ,” ಎಂದಳು.

ಮಾರ್ಚ್ 9ರ ಕಾಡುದಾರಿಯಲ್ಲಿ ಕಲ್ಲು, ಮುಳ್ಳು, ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ. ನಾನು ಬೇಗ ಹಿಂದೆ ಬಿದ್ದೆ. ದಾರಿ ಬಾಗಿ ಹಿಂದಿರುಗುವ ಕಡೆ ಅವಳನ್ನು ಮೇಲಿನಿಂದ ಕಂಡೆ. ಅವಳ ಮುಂದೆ ನಿಧಾನವಾಗಿ ಹೋಗುತ್ತಿದ್ದ ಒಬ್ಬ ಹುಡುಗಿ. ದಾಟಿ ಹೋಗಲು ಎಡಕ್ಕೆ ಜಾಗವಿತ್ತು, ನನಗೇ ಕಾಣುತ್ತಿತ್ತು. ಅವಳು ದಾಟಲಿಲ್ಲ. ಆ ಹುಡುಗಿಯಿಂದ ಎರಡು ಸೈಕಲ್‌ನಷ್ಟು ಅಂತರ ಬಿಟ್ಟು, ದಾರಿ ಅಗಲವಾಗುವವರೆಗೆ ಹಾಗೇ ಹೋದಳು. ನಾನು ಬಾಯಿ ತೆರೆದೆ. ಈ ಸಲ ನಮ್ಮ ಒಂಬತ್ತು ಮಾತುಗಳಲ್ಲಿ ಒಂದನ್ನೇ ಕೂಗಿದೆ: “ಈಗ!” ಅವಳಿಗೆ ಕೇಳಿಸಿತು. ತಲೆ ಎತ್ತಿ ನೋಡಿದಳು. ಆದರೂ ದಾಟಲಿಲ್ಲ. ಮೂರನೆಯವಳಾಗಿ ಮುಗಿಸಿದಳು. ಮೂರೂ ರೇಸ್ ಕೂಡಿಸಿದರೆ, ಮೊದಲನೆಯದನ್ನು ಎಣಿಸಿದರೆ ಅವಳು ತಂಡದಲ್ಲಿದ್ದಾಳೆ, ಎಣಿಸದಿದ್ದರೆ ಇಲ್ಲ. ಫಲಕದಲ್ಲಿ ಅವಳ ಸಾಲು ಖಾಲಿ ಇದೆ.

ಈ ಬರಹದ ಕಾಗುಣಿತವನ್ನು ತಿದ್ದಿದವಳು ಅವಳೇ. ಮೋರಿಯ ಭಾಗವನ್ನು ಮಾತ್ರ ಓದದೆ ಪುಟ ಮಗುಚಿದಳು.

ಆ ಭಾನುವಾರ ಬೆಳಿಗ್ಗೆ ಮೋರಿಯ ಬಳಿ ಎಳನೀರು ಕುಡಿಯುತ್ತಾ ನಾಲ್ಕೈದು ಜನ ನಿಂತಿದ್ದರು. ಒಬ್ಬರ ಕೈಯಲ್ಲಿ ಫೋನ್ ಇತ್ತು, ನಮ್ಮ ಕಡೆಗೇ ಹಿಡಿದಿದ್ದರು, ಹಳದಿ ಟವೆಲ್ ಹೆಗಲ ಮೇಲಿತ್ತು. ಅವರು ರಸ್ತೆಯ ಪಕ್ಕದಿಂದ ನೋಡಿದವರು, ನನ್ನಂತೆ ಹಿಂದಿನಿಂದಲ್ಲ. ಅವರಿಗೆ ಕನ್ನಡ ಓದಲು ಬಾರದಿರಬಹುದು. ಬಲ್ಲವರು ಯಾರಾದರೂ ಅವರಿಗೆ ಇದನ್ನು ಓದಿ ಹೇಳಿ. ಕೈ ತಗುಲಿದ್ದು ಕಂಡಿದ್ದರೂ ಸರಿ, ತಗುಲದ್ದು ಕಂಡಿದ್ದರೂ ಸರಿ, ಏಪ್ರಿಲ್ ಮುಗಿಯುವ ಮೊದಲು ಈ ಪತ್ರಿಕೆಗೆ ಬರೆದು ತಿಳಿಸಿ. ತಮಿಳಿನಲ್ಲಿ ಬರೆದರೂ ನಾನು ಓದಬಲ್ಲೆ.